ಹದಿನೆಂಟು ಸಾವಿರದ ಹಲ್ಲು

ಎಲ್ಲಾ ರಾದ್ಧಾಂತಕ್ಕೂ ಮೂಲ ಒಂದು ಕಡಲೆಕಾಯಿ ಬೀಜ. ಹುರಿದು ಉಪ್ಪು ಹಚ್ಚಿದ್ದು, ಪೊಟ್ಟಣದ ತಳದಲ್ಲಿ ಉಳಿದಿದ್ದ ಒಂದೇ ಒಂದು. ಬೆಳಗ್ಗೆ ಚಹಾ ಕುಡಿಯುತ್ತಾ ಕೂತಿದ್ದ ಮೀಟರಣ್ಣ "ಇದೊಂದನ್ನ ಯಾಕೆ ಬಿಸಾಡೋದು" ಅಂತ ಬಾಯಿಗೆ ಹಾಕಿಕೊಂಡು ಕಡಿದ. ಕಟಕ್ ಅಂತ ಸದ್ದಾಯಿತು. ಮುರಿದದ್ದು ಬೀಜವಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಬೀದಿಗೆಲ್ಲಾ ಅವನು ಮೀಟರಣ್ಣ. ನೀರಿನ ಆಫೀಸಿನಲ್ಲಿ ಕೆಲಸ. ಮನೆಮನೆಗೆ ಹೋಗಿ, ಬಗ್ಗಿ, ಮೀಟರಿನ ಗಾಜು ಒರೆಸಿ, ಅಲ್ಲಿ ಕಂಡ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು ಬರುವುದು. ಹದಿನಾರು ವರ್ಷ ಇದನ್ನೇ ಮಾಡಿ ಮಾಡಿ ಅವನಿಗೊಂದು ಚಾಳಿ ಅಂಟಿಬಿಟ್ಟಿತ್ತು. ಯಾರು ಯಾವ ಅಂಕಿ ಹೇಳಿದರೂ ಮರುಮಾತಿಲ್ಲದೆ ಒಪ್ಪಿಕೊಳ್ಳುವುದು. ತರಕಾರಿಯವನು ನಲವತ್ತು ಅಂದರೆ ನಲವತ್ತು. ಕ್ಷೌರದವನು ಒಮ್ಮೆ ತಮಾಷೆಗೆ ಐನೂರು ಅಂದಿದ್ದಕ್ಕೆ ಐನೂರು ಎಣಿಸಿ ಕೊಟ್ಟು ಬಂದ ಪುಣ್ಯಾತ್ಮ. ಕೊನೆಗೆ ಕ್ಷೌರದವನಿಗೇ ಮನಸ್ಸು ತಡೆಯದೆ ಹಿಂದಿನಿಂದ ಓಡಿಬಂದು ನಾನೂರು ವಾಪಸ್ ಕೊಟ್ಟಿದ್ದ.

ಹಾಗಾಗಿ ಆ ಬೆಳಗ್ಗೆ ಹಲ್ಲಿನ ಡಾಕ್ಟರು ಬಾಯೊಳಗೆ ಕನ್ನಡಿ ತೂರಿಸಿ ನೋಡಿ, "ರೂಟ್ ಕೆನಾಲ್ ಮಾಡಬೇಕು, ಮೇಲೆ ಕ್ಯಾಪ್ ಹಾಕಬೇಕು, ಎಲ್ಲಾ ಸೇರಿ ಹದಿನೆಂಟು ಸಾವಿರ ಆಗುತ್ತೆ" ಅಂದಾಗ ಮೀಟರಣ್ಣ ಜೇಬಿನಿಂದ ಪುಸ್ತಕ ತೆಗೆದು ಹದಿನೆಂಟು ಸಾವಿರ ಅಂತ ಬರೆದುಕೊಂಡ. ಪಕ್ಕದಲ್ಲಿ ತಾರೀಖೂ ಹಾಕಿದ. "ಹನ್ನೊಂದು ಗಂಟೆಗೆ ಬರ್ತೀನಿ" ಅಂತ ಹೇಳಿ ಮನೆಗೆ ಬಂದ.

ಮನೆಯಲ್ಲಿ ಹೆಂಡತಿ ಕನ್ನಡಿ ಮುಂದೆ ನಿಂತು ಹೊಸ ಟೋಪಿ ಹಾಕಿ ನೋಡಿಕೊಳ್ಳುತ್ತಿದ್ದಳು. ಅಗಲ ಅಂಚಿನ ಹುಲ್ಲಿನ ಟೋಪಿ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳು ಸಮುದ್ರ ನೋಡಿರಲಿಲ್ಲ. ತಿಂಗಳು ತಿಂಗಳೂ ಇಷ್ಟಿಷ್ಟೇ ಎತ್ತಿಟ್ಟು ಹದಿನೆಂಟು ಸಾವಿರದ ಇನ್ನೂರು ಕೂಡಿಸಿದ್ದರು. ನಾಡಿದ್ದು ಹೊರಡುವುದು, ಮೂರು ದಿನ ಸಮುದ್ರದ ದಡದಲ್ಲಿರುವುದು, ಇವತ್ತು ಸಂಜೆ ಬಸ್ಸಿನ ಟಿಕೆಟ್ ತರುವುದು ಅಂತ ಎಲ್ಲಾ ನಿಶ್ಚಯವಾಗಿತ್ತು.

"ಎಷ್ಟಂತೆ?" ಅಂದಳು ಹೆಂಡತಿ.

ಮೀಟರಣ್ಣ ಪುಸ್ತಕ ತೆರೆದು ತೋರಿಸಿದ. ಟೋಪಿ ಅವಳ ಕಣ್ಣಿನ ಮೇಲೆ ಜಾರಿತು.

"ಹದಿನೆಂಟಾ! ನೀವೇನಂದ್ರಿ?"

"ಬರಕೊಂಡೆ."

"ಬರಕೊಂಡ್ರಾ? ಅಯ್ಯೋ ರಾಮಾ! ನನ್ನ ಸಮುದ್ರಾನೇ ಹೋಯ್ತಲ್ರೀ! ಒಂದು ಮಾತು ಕಮ್ಮಿ ಮಾಡಿ ಅನ್ನೋಕೂ ಬಾಯಿ ಬರಲಿಲ್ವಾ?"

"ಬಾಯೊಳಗೆ ಅವರ ಕೈ ಇತ್ತು ಕಣೇ."

ಹೆಂಡತಿಗೆ ಅಳು ಬಂತು. ಅವಳು ಮೂಗು ಒರೆಸಿಕೊಂಡು, ಟೋಪಿ ಸರಿಮಾಡಿಕೊಂಡು, ಬಾಗಿಲಿಗೆ ಹೋಗಿ ಮೆಟ್ಟಿಲ ಕಡೆ ತಿರುಗಿ ಕೂಗಿದಳು.

"ಅತ್ತೇ! ಸ್ವಲ್ಪ ಬರ್ತೀರಾ? ಛತ್ರಿ ತಗೊಂಡೇ ಬನ್ನಿ!"

ಮೇಲಿನ ಮನೆಯಲ್ಲಿದ್ದದ್ದು ಮೀಟರಣ್ಣನ ಸೋದರತ್ತೆ. ಬಂಧುಬಳಗಕ್ಕೆಲ್ಲಾ ಚೌಕಾಸಿ ಅತ್ತೆ. ಅರವತ್ತೆಂಟು ವರ್ಷದ ಜೀವಮಾನದಲ್ಲಿ ಯಾವ ಅಂಗಡಿಯಲ್ಲೂ ಹೇಳಿದ ಬೆಲೆ ಕೊಟ್ಟವಳಲ್ಲ. ಅವಳ ವರಸೆ ಒಂದೇ. ಅರ್ಧದ ಅರ್ಧಕ್ಕೆ ಕೇಳುವುದು, ಎದ್ದು ಹೊರಡುವುದು, ಛತ್ರಿಯನ್ನು ಬೇಕಂತಲೇ ಅಂಗಡಿಯಲ್ಲಿ ಬಿಟ್ಟು ಬರುವುದು. ಅಂಗಡಿಯವನು ಕರೆದರೆ ಸರಿ, ಕರೆಯದಿದ್ದರೆ "ಛತ್ರಿ ಮರೆತೆ" ಅಂತ ಮರ್ಯಾದೆಯಾಗಿ ವಾಪಸ್ ಹೋಗಬಹುದು. ಮೂವತ್ತು ವರ್ಷದಿಂದ ಆ ಛತ್ರಿ ಒಂದು ದಿನವೂ ಬಿಚ್ಚಿರಲಿಲ್ಲ.

ಅತ್ತೆಯ ಬಾಯಲ್ಲಿದ್ದ ಹಲ್ಲಿನ ಸೆಟ್ಟೂ ಚೌಕಾಸಿಯದ್ದೇ. ಯಾರೋ ಮಾಡಿಸಿ ತಗೊಂಡು ಹೋಗದೆ ಬಿಟ್ಟಿದ್ದನ್ನು ಕಾಲು ಬೆಲೆಗೆ ತಂದಿದ್ದಳು. ಆ ಯಾರೋ ದೊಡ್ಡ ಬಾಯಿಯವರಿರಬೇಕು. ಅತ್ತೆ ಸ್ವಲ್ಪ ಜೋರಾಗಿ ಮಾತಾಡಿದರೆ ಸೆಟ್ಟು ಹೊರಗೆ ಬಂದು ಇಣುಕುತ್ತಿತ್ತು. ಅದಕ್ಕೇ ಚೌಕಾಸಿಗೆ ಇಳಿಯುವ ಮೊದಲು ಅದನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುವುದು ಅವಳ ಪದ್ಧತಿ.

ಸಂಗತಿ ಕೇಳಿದ್ದೇ ಅತ್ತೆ ಸೀರೆಯ ಸೆರಗು ಸಿಕ್ಕಿಸಿ, ಹಲ್ಲು ತೆಗೆದು ಚೀಲಕ್ಕೆ ಹಾಕಿದಳು. "ನಡಿಯೋ ಮಗಾ. ಆರಕ್ಕೆ ಇಳಿಸದೇ ಇದ್ರೆ ಕೇಳು."

"ಅತ್ತೆ, ಅದು ಆಸ್ಪತ್ರೆ. ಅಲ್ಲೆಲ್ಲಾ ಚೌಕಾಸಿ ಮಾಡಲ್ಲ."

"ಬೋರ್ಡ್ ಹಾಕಿದಾರೆ ತಾನೇ? ಬೋರ್ಡ್ ಹಾಕಿದ ಮೇಲೆ ಅಂಗಡೀನೇ!"

ಅದೊಂದು ಮಾತು ಮಾತ್ರ ನಿಜವಾಗಿತ್ತು. ಹದಿನಾಲ್ಕು ಮೆಟ್ಟಿಲು ಹತ್ತಿದರೆ ಸಿಗುವ ಆ ಕ್ಲಿನಿಕ್ಕು ಮೂರು ವರ್ಷದ ಹಿಂದಿನವರೆಗೆ ಬಟ್ಟೆ ಅಂಗಡಿ. ನಡೆಸುತ್ತಿದ್ದವರು ಡಾಕ್ಟರ ತಾಯಿ. ಮಗ ಓದಿ ಬಂದ ಮೇಲೆ ಬಟ್ಟೆ ಖಾಲಿ ಮಾಡಿಕೊಟ್ಟರು, ಕೌಂಟರ್ ಮಾತ್ರ ಬಿಡಲಿಲ್ಲ. ರೇಷ್ಮೆ ಜೋಡಿಸುತ್ತಿದ್ದ ಕಪಾಟಿನಲ್ಲಿ ಈಗ ಸುಣ್ಣದಂಥ ಅಚ್ಚಿನ ದವಡೆಗಳು ಸಾಲಾಗಿ ಕೂತಿದ್ದವು. ತಾಯಿಯ ಕೊರಳಲ್ಲಿ ಅಳತೆ ಟೇಪು ಈಗಲೂ ನೇತಾಡುತ್ತಿತ್ತು. ಬೆನ್ನ ಹಿಂದಿನ ಗೋಡೆಯಲ್ಲಿ ಹಳೆಯ ಫಲಕ: "ಒಮ್ಮೆ ಪಡೆದ ಹಣ ಹಿಂದಿರುಗಿಸಲಾಗುವುದಿಲ್ಲ. ಬದಲಿ ಮಾಲು ಮಾತ್ರ." ಕೌಂಟರಿನ ಮೇಲೆ ಹಣ ಬಂದಾಗ ಕೂಗಿ ಹೇಳುವ ಪುಟ್ಟ ಡಬ್ಬಿ. ಇವರು ಒಳಗೆ ಕಾಲಿಡುವಾಗ ಯಾರೋ ದವಡೆ ಒತ್ತಿಕೊಂಡು ಹಣ ಕಳಿಸುತ್ತಿದ್ದರು. "ಏಳು ನೂರು ಬಂದಿದೆ!" ಅಂತ ಡಬ್ಬಿ ಇಡೀ ಕೋಣೆಗೆ ಸಾರಿತು.

ಡಾಕ್ಟರು ಒಳ್ಳೆಯ ಮೃದು ಮನುಷ್ಯ. ಮೀಟರಣ್ಣನನ್ನು ಕಂಡದ್ದೇ ಒಳಗೆ ಕರೆದು ಕುರ್ಚಿಯಲ್ಲಿ ಒರಗಿಸಿ, ಎದೆಗೆ ನೀಲಿ ಕಾಗದದ ಹೊದಿಕೆ ಸಿಕ್ಕಿಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟೇಬಿಟ್ಟರು. ಬೆಲೆ ಬೆಳಗ್ಗೆಯೇ ಬರೆದುಕೊಂಡು ಹೋದ ಆಸಾಮಿ ತಾನೇ ಅಂತ ಅವರ ನಂಬಿಕೆ. ಅಷ್ಟರಲ್ಲಿ ಹೊರಗೆ ಯುದ್ಧ ಶುರುವಾಯಿತು.

"ಹಿಂದಿನ ಹಲ್ಲು ಕಣಮ್ಮಾ. ಯಾರಿಗೂ ಕಾಣಲ್ಲ. ಕಾಣದ ಮಾಲಿಗೆ ಹದಿನೆಂಟು ಸಾವಿರಾನಾ?" ಅಂದಳು ಅತ್ತೆ.

"ಒಳಲಂಗಾನೂ ಕಾಣಲ್ಲ. ಬಿಟ್ಟಿ ಕೊಡ್ತಾರೇನಮ್ಮಾ?" ಅಂದರು ಡಾಕ್ಟರ ತಾಯಿ.

ಇಂಥ ಉತ್ತರ ಅತ್ತೆಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

"ನೋಡೀಮ್ಮಾ, ಇವನ ಬಾಯಲ್ಲಿರೋದು ಮೂವತ್ತೊಂದು ಹಲ್ಲು. ಒಂದಕ್ಕೆ ಹದಿನೆಂಟು ಅಂದ್ರೆ ಬಾಯಿಯೇ ಐದೂವರೆ ಲಕ್ಷ ದಾಟ್ತು. ಇಡೀ ಇವನನ್ನ ಮಾರಿದ್ರೂ ಅಷ್ಟು ಹುಟ್ಟಲ್ಲ."

"ಗಟ್ಟಿ ಮಾಲು ಕಣ್ರೀ. ಹದಿನೈದು ವರ್ಷ ಬಣ್ಣ ಹೋಗಲ್ಲ."

"ಒಗೆದ್ರೆ ಕುಗ್ಗುತ್ತಾ?"

"ಹದಿನೇಳೂವರೆ."

"ನಾಲ್ಕು."

"ನಾಲ್ಕಕ್ಕೆ ಹಲ್ಲುಜ್ಜೋ ಬ್ರಷ್ ಕೊಡ್ತೀನಿ, ಬೇಕಾ?"

ಅತ್ತೆ ದಡಕ್ಕನೆ ಎದ್ದಳು. ಛತ್ರಿಯನ್ನು ಮೆಲ್ಲಗೆ ಕುರ್ಚಿಯ ಹಿಂದೆ ಒರಗಿಸಿದಳು. ನೇರ ಒಳಕೋಣೆಗೆ ನುಗ್ಗಿ ಮೀಟರಣ್ಣನ ರಟ್ಟೆ ಹಿಡಿದಳು. "ಏಳೋ, ಹೋಗೋಣ. ಊರಲ್ಲಿ ಬೇರೆ ಡಾಕ್ಟರಿಲ್ವಾ?"

"ಅಮ್ಮಾ, ಇಂಜೆಕ್ಷನ್ ಆಗಿದೆ!" ಅಂದರು ಡಾಕ್ಟರು ಗಾಬರಿಯಾಗಿ.

"ಆಗಲಿ. ಬೇರೆ ಕಡೆ ಅಷ್ಟು ಖರ್ಚು ಉಳೀತು."

ಮೀಟರಣ್ಣನ ಅರ್ಧ ಬಾಯಿ ಆಗಲೇ ಅವನದಾಗಿ ಉಳಿದಿರಲಿಲ್ಲ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಎದೆಯ ಮೇಲೆ ನೀಲಿ ಹೊದಿಕೆ ಹಾಗೇ ಇತ್ತು. ಅತ್ತೆ ಅವನನ್ನು ಎಳೆದುಕೊಂಡು ಮೆಟ್ಟಿಲಿಳಿಯುತ್ತಾ ಪಿಸುಗುಟ್ಟಿದಳು, "ನಿಧಾನ ಇಳಿ. ಏಳನೇ ಮೆಟ್ಟಿಲಿಗೆ ಕರೀತಾರೆ ನೋಡು."

ಏಳಾಯಿತು. ಹತ್ತಾಯಿತು. ಹದಿನಾಲ್ಕೂ ಮುಗಿದು ಇಬ್ಬರೂ ಬೀದಿಯಲ್ಲಿ ನಿಂತರು. ಯಾರೂ ಕರೆಯಲಿಲ್ಲ.

"ಏನ್ ಮೀಟರಣ್ಣಾ, ಊಟಕ್ಕೆ ಹೊರಟ್ರಾ?" ಅಂದ ಇಸ್ತ್ರಿಯವನು, ಎದೆಯ ನೀಲಿ ಕಾಗದ ನೋಡಿ.

ಮೀಟರಣ್ಣ ಇಲ್ಲ ಅನ್ನಲು ಬಾಯಿ ತೆರೆದ. ಜೊಲ್ಲು ಬಂತೇ ಹೊರತು ಮಾತು ಬರಲಿಲ್ಲ. ಅದೇ ಹೊತ್ತಿಗೆ ಅವನ ಆಫೀಸಿನ ಮೇಲಧಿಕಾರಿ ಸ್ಕೂಟರಿನಲ್ಲಿ ಬಂದವರು ಗಕ್ಕನೆ ನಿಂತರು. ಬೆಳಗ್ಗೆ ಮೀಟರಣ್ಣ "ಹಾಸಿಗೆ ಬಿಟ್ಟು ಏಳೋಕಾಗ್ತಿಲ್ಲ" ಅಂತ ರಜೆ ಹೇಳಿದ್ದು ಅವರಿಗೇ. ಅವನು ಕೈಮುಗಿದು ನಕ್ಕ. ಅರ್ಧ ಮುಖ ಮಾತ್ರ ನಕ್ಕಿತು. ಆ ನಗು ನೋಡಿ ಅಧಿಕಾರಿ ಮುಖ ಸಣ್ಣಗೆ ಮಾಡಿಕೊಂಡು, "ಪಾಪ, ಲಕ್ವ! ವಾರ ಬೇಕಾದ್ರೂ ರಜ ತಗೊಳ್ಳಯ್ಯಾ" ಅಂತ ಹೇಳಿ ಹೊರಟುಹೋದರು. ಇಡೀ ದಿನದಲ್ಲಿ ಅವನಿಗೆ ಪುಕ್ಕಟೆ ಸಿಕ್ಕಿದ್ದು ಅದೊಂದೇ.

"ಅಯ್ಯೋ, ಛತ್ರಿ ಮರೆತೆ!" ಅಂದಳು ಅತ್ತೆ, ಬೀದಿಗೆಲ್ಲಾ ಕೇಳುವ ಹಾಗೆ.

ಹದಿನಾಲ್ಕು ಮೆಟ್ಟಿಲು ಮತ್ತೆ ಹತ್ತಿದರು. ಬಾಗಿಲಲ್ಲೇ ಡಾಕ್ಟರ ತಾಯಿ ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಬನ್ನಿ. ಮೂವತ್ತು ವರ್ಷ ಅಂಗಡಿ ನಡೆಸಿದೀನಿ ಕಣಮ್ಮಾ. ಛತ್ರಿ ಬಿಟ್ಟು ಹೋದ ಗಿರಾಕೀನ ಯಾರಾದ್ರೂ ಕೂಗಿ ಕರೀತಾರಾ? ಚಹಾ ಹೇಳಿದೀನಿ, ಕೂತ್ಕೊಳ್ಳಿ."

ಅತ್ತೆ ಅವರ ಮುಖವನ್ನೇ ದಿಟ್ಟಿಸಿ ನೋಡಿದಳು. ಸಮಜೋಡಿ ಸಿಕ್ಕ ಪೈಲ್ವಾನನ ಖುಷಿ ಅವಳ ಮುಖದಲ್ಲಿತ್ತು. ಮೀಟರಣ್ಣನನ್ನು ಒಳಕೋಣೆಗೆ ತಳ್ಳಿ ಬಾಗಿಲೆಳೆದುಕೊಂಡಳು.

ಒಳಗೆ ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತಿದ್ದರು.

"ನೋಡಿ ಸಾರ್, ನಾನಾಗಿದ್ರೆ ಯಾವಾಗಲೋ ಕಮ್ಮಿ ಮಾಡ್ತಿದ್ದೆ," ಅಂದರು ದನಿ ತಗ್ಗಿಸಿ. "ಅಮ್ಮ ಬಿಡಲ್ಲ. ಅವರಿಗೆ ಬೆಲೆ ಮುಖ್ಯ ಅಲ್ಲ, ಜಗ್ಗಾಟ ಮುಖ್ಯ. ಅಂಗಡಿ ಮುಚ್ಚಿದಾಗಿನಿಂದ ಜಗ್ಗಾಡೋರು ಸಿಗದೆ ಸೊರಗಿದ್ರು. ಇವತ್ತು ಸಾಯಂಕಾಲದವರೆಗೂ ಬಿಡಲ್ಲ. ನಿಮ್ಮ ಇಂಜೆಕ್ಷನ್ ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತೆ."

ಮೀಟರಣ್ಣನ ಕಣ್ಣು ದೊಡ್ಡದಾಯಿತು.

"ಒಂದು ಕೆಲಸ ಮಾಡೋಣ. ನೀವೂ ನಾನೂ ಇಲ್ಲೇ ಮುಗಿಸಿಬಿಡೋಣ. ನನ್ನ ಸ್ವಂತ ಫೋನಿಗೆ ಕಳಿಸಿ, ಅಮ್ಮನಿಗೆ ಗೊತ್ತಾಗಲ್ಲ. ಅವರು ಹೊರಗೆ ಎಷ್ಟಕ್ಕೆ ಬೇಕಾದ್ರೂ ಒಪ್ಪಿಕೊಳ್ಳಲಿ, ಹಣ ಮುಂಚೆನೇ ಇಸ್ಕೊಂಡೆ ಅಂತ ಆಮೇಲೆ ನಾನೇ ಹೇಗೋ ಸಮಾಧಾನ ಮಾಡ್ತೀನಿ. ಎಷ್ಟಾಗುತ್ತೆ ನಿಮ್ಮ ಕೈಲಿ, ಬರೀರಿ."

ಮೀಟರಣ್ಣ ಜೇಬಿನ ಪುಸ್ತಕ ತೆಗೆದು ಪೆನ್ನಿನ ಜೊತೆ ಅವರ ಕೈಗೇ ಕೊಟ್ಟ. ಅಂಕಿ ತಾನಾಗಿ ಬರೆದು ಗೊತ್ತಿರಲಿಲ್ಲ, ಪಾಪ. ಡಾಕ್ಟರು ಯೋಚಿಸಿ ಹನ್ನೆರಡು ಸಾವಿರ ಅಂತ ಬರೆದು ತೋರಿಸಿದರು. ಅವನು ಹತ್ತು ಅಂದಿದ್ದರೆ ಹತ್ತಕ್ಕೂ ಒಪ್ಪುತ್ತಿದ್ದರು, ಒಂಬತ್ತಕ್ಕೂ ಒಪ್ಪುತ್ತಿದ್ದರೇನೋ. ಮೀಟರಣ್ಣ ಪುಸ್ತಕ ವಾಪಸ್ ತಗೊಂಡು, ಕಂಡ ಅಂಕಿಯನ್ನು ಅದರ ಕೆಳಗೆ ನೀಟಾಗಿ ಬರೆದು, ತಾರೀಖು ಹಾಕಿದ.

ಆದರೂ ಅವನಿಗೆ ಆನಂದವೋ ಆನಂದ. ಹನ್ನೆರಡು ಹೋದರೆ ಆರು ಸಾವಿರ ಉಳಿಯಿತಲ್ಲ! ಮೂರು ದಿನವಲ್ಲದಿದ್ದರೆ ಒಂದು ದಿನ. ಹೆಂಡತಿ ಟೋಪಿ ಹಾಕಿಕೊಂಡು ಅಲೆಯಲ್ಲಿ ಕಾಲಿಡುವುದು ಕಣ್ಣಿಗೆ ಕಟ್ಟಿತು. ಡಾಕ್ಟರು ಹಲ್ಲಿಗೆ ಯಂತ್ರ ಹಚ್ಚಿದರು. ಗುರ್ರ್ ಅನ್ನುವ ಸದ್ದು ಅವನಿಗೆ ಸಮುದ್ರದ ಮೊರೆತದ ಹಾಗೆ ಕೇಳಿಸಿತು.

ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಡಾಕ್ಟರು ಹತ್ತಿ ಒತ್ತಿ, "ಇವತ್ತಿಗೆ ತಾತ್ಕಾಲಿಕವಾಗಿ ತುಂಬಿದೀನಿ, ಮುಂದಿನ ವಾರ ಕ್ಯಾಪು. ಇನ್ನೊಂದು ಗಂಟೆ ಏನೇ ಆದ್ರೂ ಬಾಯಿ ತೆರೆಯಬೇಡಿ. ತೆರೆದ್ರೆ ಎಲ್ಲಾ ಕಿತ್ತುಬರುತ್ತೆ, ಮತ್ತೆ ಮೊದಲಿಂದ" ಅಂದರು. ಮೀಟರಣ್ಣ ತಲೆಯಾಡಿಸಿ, ಕುರ್ಚಿಯಲ್ಲಿ ಒರಗಿದ ಹಾಗೇ ಫೋನು ತೆಗೆದು ಹನ್ನೆರಡು ಸಾವಿರ ಒತ್ತಿದ.

ಹೊರಗೆ ಅದೇ ಕ್ಷಣಕ್ಕೆ ಚಹಾದ ಮೂರನೇ ಲೋಟ ಖಾಲಿಯಾಗಿತ್ತು. ಡಾಕ್ಟರ ತಾಯಿ ಕಣ್ಣೊರೆಸಿಕೊಂಡು ಅತ್ತೆಯ ಕೈ ಹಿಡಿದಿದ್ದರು. "ಸಾಕು ಕಣಮ್ಮಾ, ಸೋತೆ. ಇಂಥ ಚೌಕಾಸಿ ಕಂಡು ಎಷ್ಟು ವರ್ಷ ಆಗಿತ್ತು! ಆರು ಸಾವಿರ. ಅಸಲು ಬೆಲೆ. ಒಂದು ಪೈಸೆ ಲಾಭ ಬೇಡ ನನಗೆ."

ಅತ್ತೆ ಗೆದ್ದ ಗತ್ತಿನಲ್ಲಿ ಸೆರಗು ಹೊದ್ದು ಒಳಬಾಗಿಲು ನೂಕಿದಳು. "ಆರು ಕಣೋ ಮಗಾ! ಆರಕ್ಕೆ ಇಳಿಸಿದೆ!"

"ಹನ್ನೆರಡು ಸಾವಿರ ಬಂದಿದೆ!" ಅಂತ ಕೌಂಟರಿನ ಡಬ್ಬಿ ಕೂಗಿತು.

ಡಾಕ್ಟರ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು.

"ಹೂಂ," ಅಂದರು ತಾಯಿ, ಮಗನನ್ನೇ ನೋಡುತ್ತಾ. "ಹೋದ ತಿಂಗಳು ಯಾರಿಗೋ ಕಳ್ಳತನದಲ್ಲಿ ಕಮ್ಮಿ ಮಾಡಿದ್ಯಲ್ಲ, ಅವತ್ತೇ ನಿನ್ನ ನಂಬರನ್ನೂ ಈ ಡಬ್ಬಿಗೆ ಸೇರಿಸಿಬಿಟ್ಟೆ ಕಣೋ."

ಅತ್ತೆಯ ಮುಖ ಮಾತ್ರ ನೋಡುವ ಹಾಗಿರಲಿಲ್ಲ. "ನಿನಗೋಸ್ಕರ ನಾನು ಹಲ್ಲಿಲ್ಲದ ಬಾಯಲ್ಲಿ ಬಡಕೊಂಡೆನಲ್ಲೋ! ಬೆನ್ನ ಹಿಂದೆ ಡಬಲ್ ಕೊಟ್ಟುಬಿಟ್ಯಾ? ಅರವತ್ತೆಂಟು ವರ್ಷದ ಮರ್ಯಾದೆ ಮಣ್ಣುಪಾಲು ಮಾಡಿದ್ಯಲ್ಲೋ!" ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಮೀಟರಣ್ಣನಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತು. ತಾನಂತೂ ಬಿಡುವ ಹಾಗಿರಲಿಲ್ಲ.

"ಅಮ್ಮಾ, ಮಿಕ್ಕ ಆರು ವಾಪಸ್ ಕಳಿಸ್ತೀನಿ," ಅಂದರು ಡಾಕ್ಟರು ಮೆಲ್ಲಗೆ.

"ವಾಪಸ್ಸಾ?" ತಾಯಿ ಬೆನ್ನ ಹಿಂದಿನ ಫಲಕಕ್ಕೆ ಬೆರಳು ತೋರಿಸಿದರು. "ಮೂವತ್ತು ವರ್ಷದಲ್ಲಿ ಒಬ್ಬರಿಗೂ ಕೊಟ್ಟಿಲ್ಲ. ಬದಲಿ ಮಾಲು ಬೇಕಾದ್ರೆ ತಗೊಳ್ಳಲಿ."

ಅತ್ತೆ ಅಳು ನಿಲ್ಲಿಸಿದಳು. ಫಲಕ ಓದಿದಳು. ಆಮೇಲೆ ಕಪಾಟಿನ ಕಡೆ ತಿರುಗಿ, ಸಾಲಾಗಿ ಕೂತಿದ್ದ ದವಡೆಗಳನ್ನು ಒಂದೊಂದಾಗಿ ನೋಡಿದಳು. ಅಂಗಡಿಯಲ್ಲಿ ದುಡ್ಡು ಬಿಟ್ಟು ಬರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

"ಅದೆಷ್ಟು, ಪೂರ್ತಿ ಸೆಟ್ಟು? ಮೇಲಿಂದೂ ಕೆಳಗಿಂದೂ?"

"ಇಪ್ಪತ್ತೆಂಟು ಹಲ್ಲು ಕಣಮ್ಮಾ, ಇಪ್ಪತ್ತು ಸಾವಿರ," ಅಂದರು ತಾಯಿ. ಅವರ ಕಣ್ಣು ಮತ್ತೆ ಹೊಳೆಯಿತು.

"ಐದು."

ನಾಲ್ಕನೇ ಲೋಟ ಚಹಾ ಬಂತು. ಹತ್ತೇ ನಿಮಿಷ. ಹನ್ನೆರಡಕ್ಕೆ ನಿಂತಿತು. ತಾಯಿ ಕೊರಳ ಟೇಪು ತೆಗೆದು ಅತ್ತೆಯ ದವಡೆಗೆ ಹಿಡಿದೇಬಿಟ್ಟರು. ಅಳತೆ ಹಾಗಲ್ಲ ಅಂತ ಡಾಕ್ಟರು ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ.

"ಆರು ಆಗಲೇ ಜಮೆ ಇದೆ. ಇನ್ನಾರು," ಅಂದಳು ಅತ್ತೆ, ಮೀಟರಣ್ಣನ ಕಡೆ ತಿರುಗಿ. "ನಿನ್ನ ಹತ್ರ ಇದೆಯಲ್ಲೋ. ಅತ್ತೆಗೆ ಮಾಡಿದ ಅವಮಾನಕ್ಕೆ ಅಷ್ಟಾದ್ರೂ ಮಾಡಲ್ವಾ? ಬಲವಂತ ಇಲ್ಲಪ್ಪಾ. ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳು."

ಮೀಟರಣ್ಣ ಡಾಕ್ಟರ ಮುಖ ನೋಡಿದ. ಡಾಕ್ಟರು ಗಾಬರಿಯಾಗಿ, ಬಾಯಿ ಮಾತ್ರ ತೆರೆಯಬೇಡಿ ಅಂತ ಎರಡೂ ಕೈಯಲ್ಲಿ ಸನ್ನೆ ಮಾಡಿದರು.

"ಒಪ್ಪಿಕೊಂಡ! ಚಿನ್ನದಂಥ ಹುಡುಗ!" ಅಂದಳು ಅತ್ತೆ.

"ಆರು ಸಾವಿರ ಬಂದಿದೆ!" ಅಂತು ಡಬ್ಬಿ.

ಮನೆ ಬಾಗಿಲಲ್ಲಿ ಹೆಂಡತಿ ಟೋಪಿ ಹಾಕಿಕೊಂಡೇ ಕಾಯುತ್ತಿದ್ದಳು. ಅತ್ತೆಯ ಮುಖದಲ್ಲಿನ ಕಳೆ ನೋಡಿ ಅವಳ ಜೀವಕ್ಕೆ ಜೀವ ಬಂತು. "ಗೆದ್ರಾ ಅತ್ತೆ? ಎಷ್ಟಕ್ಕಿಳಿಸಿದ್ರಿ?"

"ಆರಕ್ಕೆ!"

"ಅಂದ್ರೆ ಹನ್ನೆರಡು ಉಳೀತು!" ಅಂತ ಅವಳು ಗಂಡನ ಕೈಯಿಂದ ಫೋನು ಕಿತ್ತುಕೊಂಡು ನೋಡಿದಳು. ಇನ್ನೊಮ್ಮೆ ನೋಡಿದಳು. ಇನ್ನೂರು ಇತ್ತು. ಗಂಡನ ಕಡೆ ತಿರುಗಿದಳು. ಅವನು ಜೇಬಿನ ಪುಸ್ತಕ ತೆರೆದು, ಹದಿನೆಂಟರ ಕೆಳಗೆ ಎರಡು ಹನ್ನೆರಡು, ಅದರ ಕೆಳಗೆ ಒಂದು ಆರು, ಎಲ್ಲಾ ತಾರೀಖು ಸಮೇತ ಅವಳ ಮುಂದೆ ಹಿಡಿದ. ಅತ್ತೆ ಸಂಗತಿಯನ್ನೆಲ್ಲಾ ಮೊದಲಿಂದ ಕೊನೆವರೆಗೆ, ನೀಲಿ ಹೊದಿಕೆ, ಲಕ್ವ, ಛತ್ರಿ ಸಮೇತ ಒಂದೇ ಉಸಿರಿಗೆ ಹೇಳಿದಳು.

ಹೆಂಡತಿ ಹೊಸ್ತಿಲ ಮೇಲೆ ಕೂತಳು. ಅಳುತ್ತಾಳೆ ಅಂದುಕೊಂಡ ಮೀಟರಣ್ಣ. ಅವಳ ಭುಜ ಕುಲುಕಿತು, ಆಮೇಲೆ ಹೊಟ್ಟೆ ಕುಲುಕಿತು, ಆಮೇಲೆ ಗೊಳ್ಳೆಂದು ನಗತೊಡಗಿದಳು. ಅವನಿಗೂ ನಗು ಒತ್ತರಿಸಿ ಬಂತು. ಬಾಯಿ ಬಿಗಿಹಿಡಿದು, ಮೂಗಿನಲ್ಲೇ ನಗುತ್ತಾ, ಕಣ್ಣೀರು ಸುರಿಸುತ್ತಾ ಅವಳ ಪಕ್ಕ ಕುಸಿದ. ಅವಳು ತನ್ನ ತಲೆಯ ಮೇಲಿನ ಟೋಪಿ ತೆಗೆದು ಅವನ ಊದಿದ ಮುಖದ ಮೇಲೆ ಇಟ್ಟಳು.

"ಏನ್ರೋ, ನನ್ನ ಚೌಕಾಸಿ ನೋಡಿ ನಗ್ತೀರಾ?" ಅತ್ತೆಗೆ ರೇಗಿಯೇಹೋಯಿತು. ಛತ್ರಿ ನೆಲಕ್ಕೆ ಕುಟ್ಟಿದಳು. "ಆವಮ್ಮ ಹದಿನೆಂಟು ಸಾವಿರಕ್ಕೆ ಕೊಡ್ತೀನಿ ಅಂದಿದ್ದು ಬರೀ ಒಂದು ಹಲ್ಲು. ಅದೇ ಹದಿನೆಂಟಕ್ಕೆ ನಾನು ಇಪ್ಪತ್ತೊಂಬತ್ತು ತಂದೆ!"